ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿನಲ್ಲಿ ಮನೆಯ ಮೀನಿನ ಟ್ಯಾಂಕ್ ತಂಪಾಗಿಡುವುದು ಹೇಗೆ?

ಯುಗಾದಿ ಮುಗಿಯುತ್ತಿದ್ದಂತೆ ನಮ್ಮ ಕಡೆ ಮೀನು ಸಾಕಿದವರ ಕಳವಳ ಶುರುವಾಗುತ್ತದೆ. ಹೊರಗೆ 40 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಸ್ಲ್ಯಾಬ್ ಮನೆಯ ಒಳಗೂ 36–37 ಇರುತ್ತದೆ. ಏನೂ ಮಾಡದೆ ಬಿಟ್ಟರೆ ಸಂಜೆ ಹೊತ್ತಿಗೆ ಎರಡಡಿ ಟ್ಯಾಂಕಿನ ನೀರು 33–34ಕ್ಕೆ ಏರಬಹುದು. ಮೇ ತಿಂಗಳಲ್ಲಿ ರಾತ್ರಿಯೂ ಹೊರಗಿನ ಹವೆ 27ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಹಗಲೆಲ್ಲ ಕಾದ ಸ್ಲ್ಯಾಬ್ ನಡುರಾತ್ರಿಯವರೆಗೆ ಕಾವು ಉಗುಳುತ್ತದೆ. ನೀರಿಗೆ ಆರಲು ಹೊತ್ತೇ ಸಿಗುವುದಿಲ್ಲ.

ಆದರೆ ನಮ್ಮದು ಒಣ ಬಿಸಿಲು, ಮಂಗಳೂರಿನ ಬೆವರುವ ಸೆಕೆಯಲ್ಲ. ಒಣ ಹವೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಉಳಿದ ನೀರಿನ ಕಾವನ್ನು ಹೊತ್ತೊಯ್ಯುತ್ತದೆ. ಗಡಿಗೆಯ ನೀರು ತಣ್ಣಗಾಗುವುದು ಹೀಗೆ, ಕೂಲರ್ ಕೆಲಸ ಮಾಡುವುದೂ ಹೀಗೆ. ನೀರು ತಂಪುಗೊಳಿಸುವ ಸಾವಿರಾರು ರೂಪಾಯಿಯ ಚಿಲ್ಲರ್ ಯಂತ್ರ ಇಲ್ಲದೆ ಒಂದು ಸಣ್ಣ ಫ್ಯಾನಿನಿಂದ ಟ್ಯಾಂಕ್ ಉಳಿಸಿಕೊಳ್ಳಲು ಈ ಮೂರು ಜಿಲ್ಲೆಗಳ ಹವೆ ಬಹಳ ಅನುಕೂಲ.

ಮೊದಲು ಗಾಳಿ, ಆಮೇಲೆ ತಂಪು

ಬೇಸಿಗೆಯಲ್ಲಿ ಹೆಚ್ಚಿನ ಮೀನುಗಳು ಸಾಯುವುದು ಕಾವಿನಿಂದಲೇ ಅಲ್ಲ, ಉಸಿರು ಸಿಗದೆ. 25 ಡಿಗ್ರಿಯ ಒಂದು ಲೀಟರ್ ಸಿಹಿನೀರು ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಅದು 7.5ಕ್ಕೆ, 35ರಲ್ಲಿ 7ಕ್ಕೂ ತುಸು ಕೆಳಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈಯೊಳಗಿನ ಕೆಲಸ ಚುರುಕಾಗಿ ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಉಳಿದ ಆಹಾರವನ್ನು, ಹೇಲನ್ನು ಕೊಳೆಸುವ ಬ್ಯಾಕ್ಟೀರಿಯಾಕ್ಕೂ ಅದೇ ಆಮ್ಲಜನಕ ಬೇಕು. ಹಾಗಾಗಿ ಈ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಾದರೆ ಏರ್ ಪಂಪ್ ಹಾಕಿ, ಹಗಲು ರಾತ್ರಿ ಓಡಲು ಬಿಡಿ. ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಏರ್ ಸ್ಟೋನ್ ಹಳೆಯದಾಗಿ ಸುಣ್ಣ ಕಟ್ಟಿದ್ದರೆ ಗುಳ್ಳೆ ದಪ್ಪಗೆ, ಕಡಿಮೆ ಬರುತ್ತವೆ, ಹೊಸದನ್ನು ಹಾಕಿ. ಫಿಲ್ಟರಿನಿಂದ ಬರುವ ನೀರು ಮೇಲ್ಮೈಯನ್ನು ಕಲಕುವಂತೆ ಅದರ ಬಾಯಿಯನ್ನು ಮೇಲಕ್ಕೆ ತಿರುಗಿಸಿ.

ಜೀವಂತ ಗಿಡ ದಟ್ಟವಾಗಿರುವ ಟ್ಯಾಂಕಿನವರು ಇನ್ನೂ ಎಚ್ಚರ ವಹಿಸಬೇಕು. ಗಿಡಗಳು ಬೆಳಕಿದ್ದಾಗ ಆಮ್ಲಜನಕ ಬಿಡುತ್ತವೆ, ಕತ್ತಲಲ್ಲಿ ಅವೂ ಅದನ್ನೇ ಎಳೆದುಕೊಳ್ಳುತ್ತವೆ. ಅಂಥ ಟ್ಯಾಂಕಿನಲ್ಲಿ ಆಮ್ಲಜನಕ ತೀರಾ ಕೆಳಗಿಳಿಯುವುದು ಬೆಳಗಿನ ಜಾವ. ರಾತ್ರಿ ಚೆನ್ನಾಗಿದ್ದ ಮೀನು ಬೆಳಿಗ್ಗೆ ಸತ್ತು ತೇಲುತ್ತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಅಳೆಯದೆ ಏನೂ ಮಾಡಬೇಡಿ

ಗಾಜಿಗೆ ಹೊರಗಿನಿಂದ ಅಂಟಿಸುವ ಪಟ್ಟಿ ಥರ್ಮಾಮೀಟರ್ ಅರ್ಧ ನೀರಿನ ಕಾವು, ಅರ್ಧ ಕೋಣೆಯ ಕಾವು ತೋರಿಸುತ್ತದೆ. ನೀರಿನಲ್ಲಿ ಮುಳುಗುವ ಗಾಜಿನ ಕಡ್ಡಿಯದೋ, ತಂತಿಯ ತುದಿ ಇರುವ ಡಿಜಿಟಲ್ ಮೀಟರೋ ತನ್ನಿ. ಲೋಟದ ತುಂಬ ಪುಡಿ ಐಸ್ ಹಾಕಿ, ತುಸು ನೀರು ಬೆರೆಸಿ, ಅದರಲ್ಲಿ ಮುಳುಗಿಸಿ ನೋಡಿ: ಸೊನ್ನೆಯ ಹತ್ತಿರ ನಿಲ್ಲಬೇಕು. ಒಂದೂವರೆ ಡಿಗ್ರಿ ಹೆಚ್ಚು ತೋರಿಸಿದರೆ ಮುಂದೆ ಎಲ್ಲ ಲೆಕ್ಕದಲ್ಲೂ ಅಷ್ಟನ್ನು ಕಳೆಯಿರಿ.

ಮೂರು ದಿನ ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 3ಕ್ಕೆ, ರಾತ್ರಿ 8ಕ್ಕೆ ಬರೆದಿಡಿ. ಕೋಣೆಯ ಕಾವು ನೀರಿಗೆ ಇಳಿಯಲು ಕೆಲವು ತಾಸು ಹಿಡಿಯುತ್ತದೆ, ಆದ್ದರಿಂದ ನೀರು ಅತಿ ಬಿಸಿಯಾಗುವುದು ಹೊರಗೆ ಬಿಸಿಲು ಇಳಿದ ಮೇಲೆಯೇ. ಮಧ್ಯಾಹ್ನ ಮಾತ್ರ ನೋಡಿ ನೆಮ್ಮದಿಯಾಗಿರುವವರು ಮೋಸ ಹೋಗುವುದು ಇಲ್ಲಿ.

ಟ್ಯಾಂಕಿನಲ್ಲಿ ನೀರೆಷ್ಟು ಎಂಬುದೂ ಗೊತ್ತಿರಲಿ. ಉದ್ದ, ಅಗಲ, ನೀರಿನ ಎತ್ತರವನ್ನು ಇಂಚಿನಲ್ಲಿ ಅಳೆದು ಗುಣಿಸಿ, 61ರಿಂದ ಭಾಗಿಸಿದರೆ ಲೀಟರ್ ಬರುತ್ತದೆ. 24×12×12 ಇಂಚಿನ ಟ್ಯಾಂಕ್ ಅಂಚಿನವರೆಗೆ ತುಂಬಿದರೆ ಸುಮಾರು 57 ಲೀಟರ್. ಮೇಲೆ ಬಿಟ್ಟ ಜಾಗ, ತಳದ ಕಲ್ಲು ಕಳೆದರೆ ನಿಜವಾದ ನೀರು 45 ಲೀಟರ್. ಮುಂದಿನ ಲೆಕ್ಕಗಳೆಲ್ಲ ಈ 45 ಲೀಟರಿನವು.

ಒಳಗೆ ಬರುವ ಕಾವು ತಡೆಯಿರಿ

ಸಾಧ್ಯವಿದ್ದರೆ ಬೇಸಿಗೆಗೆ ಮೊದಲೇ ಜಾಗ ಬದಲಿಸಿ. ಪಡುವಣ ಗೋಡೆ ಸಂಜೆ ಕೆಂಡವಾಗುತ್ತದೆ, ಅದಕ್ಕೆ ಒರಗಿಸಿ ಇಡಬೇಡಿ. ಎರಡಂತಸ್ತಿನ ಮನೆಯಾದರೆ ಕೆಳಗಿನ ಅಂತಸ್ತೇ ಸರಿ. ಮಣ್ಣಿನ ಮಾಳಿಗೆ ಮನೆ ಇನ್ನೂ ಉಳಿಸಿಕೊಂಡವರು ಪುಣ್ಯವಂತರು. ಅಲ್ಲಿನ ನಡುಮನೆಯಷ್ಟು ತಂಪು ಜಾಗ ಬೇರೆ ಇಲ್ಲ. ಆದರೆ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ಕೋಲು ಗಂಟೆಗಂಟೆಗೆ ಸರಿಯುತ್ತದೆ. ಒಂದು ದಿನ ಪೂರ್ತಿ ಗಮನಿಸಿ, ಅದು ಟ್ಯಾಂಕಿನ ಮೇಲೆ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ನೀರು, ಗಾಜು, ಕಲ್ಲು ಸೇರಿ ಎರಡಡಿ ಟ್ಯಾಂಕ್ 60 ಕಿಲೋ ದಾಟುತ್ತದೆ. ನೀರು ತುಂಬಿದ್ದಾಗ ಎತ್ತಿದರೆ ತಳದ ಸಿಲಿಕೋನ್ ಅಂಟು ಬಿಡಬಹುದು. ಕಾಲುಭಾಗಕ್ಕೂ ಕಡಿಮೆ ನೀರಿಗೆ ಇಳಿಸಿ, ಕೆಳಗೆ ಹಲಗೆ ಕೊಟ್ಟು ಇಬ್ಬರು ಸರಿಸಿ.

ಲೈಟನ್ನು ನೀರಿನಿಂದ ನಾಲ್ಕಾರು ಇಂಚು ಮೇಲೆತ್ತಿ, ಉರಿಯುವ ಹೊತ್ತನ್ನು ಮಧ್ಯಾಹ್ನದಿಂದ ರಾತ್ರಿಗೆ ಬದಲಿಸಿ: ಸಂಜೆ 6ರಿಂದ 11ರವರೆಗೆ ಸಾಕು. ನೀರಿನೊಳಗೆ ಮುಳುಗಿರುವ ಮೋಟರಿನ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಅದು ಎಳೆಯುವ ಕರೆಂಟೆಲ್ಲ ಕೊನೆಗೆ ಕಾವಾಗಿ ಹೆಚ್ಚುಕಡಿಮೆ ನೀರಿಗೇ ಸೇರುತ್ತದೆ. 20 ವ್ಯಾಟಿನ ಪವರ್ ಹೆಡ್ (ನೀರು ತಳ್ಳುವ ಮುಳುಗು ಮೋಟರ್) 45 ಲೀಟರ್ ನೀರನ್ನು ತಾಸಿಗೆ 0.4 ಡಿಗ್ರಿಯಷ್ಟು ಕಾಯಿಸಬಲ್ಲದು. ಸಣ್ಣ ಟ್ಯಾಂಕಿಗೆ 5 ವ್ಯಾಟಿನ ಫಿಲ್ಟರೋ, ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರೋ ಬೇಸಿಗೆಗೆ ಒಳ್ಳೆಯದು.

ಹಿಂಬದಿ ಮತ್ತು ಎರಡು ಪಕ್ಕಗಳಿಗೆ 20 ಮಿಲಿಮೀಟರ್ ಥರ್ಮೋಕೋಲ್ ಹಚ್ಚಬಹುದು, ಆದರೆ ಫ್ಯಾನ್ ಕೂಡಿಸಿದ ಮೇಲೆ ಮಾತ್ರ. ಫ್ಯಾನಿನಿಂದ ನೀರು ಕೋಣೆಗಿಂತ ತಂಪಾಗಿದ್ದಾಗ ಥರ್ಮೋಕೋಲ್ ಹೊರಗಿನ ಕಾವನ್ನು ತಡೆಯುತ್ತದೆ. ಫ್ಯಾನಿಲ್ಲದ ಟ್ಯಾಂಕಿಗೆ ಹಚ್ಚಿದರೆ ಹಗಲು ಏರಿದ ಕಾವು ರಾತ್ರಿ ಹೊರಗೆ ಹೋಗಲು ದಾರಿ ಸಿಗದೆ ಒಳಗೇ ಉಳಿಯುತ್ತದೆ.

ಫ್ಯಾನ್ ಕೂಡಿಸುವುದು

45 ಲೀಟರಿನಿಂದ 80 ಮಿಲಿಲೀಟರ್ ನೀರು ಆವಿಯಾದರೆ ಉಳಿದ ನೀರು ಸುಮಾರು ಒಂದು ಡಿಗ್ರಿ ತಣ್ಣಗಾಗುವಷ್ಟು ಕಾವು ಹೊರಹೋಗುತ್ತದೆ. ಅರ್ಧ ಚಹಾ ಲೋಟದಷ್ಟು ನೀರು! ಫ್ಯಾನಿನ ಕೆಲಸ ಇಷ್ಟೇ: ನೀರಿನ ಮೇಲೆ ನಿಂತ ತೇವದ ಹವೆಯನ್ನು ತಳ್ಳಿ ಒಣ ಹವೆ ತರುವುದು.

ಬೇಕಾಗುವುದು: 120 ಮಿಲಿಮೀಟರಿನ 12 ವೋಲ್ಟ್ ಕಂಪ್ಯೂಟರ್ ಫ್ಯಾನ್, 12 ವೋಲ್ಟ್ 1 ಆಂಪಿಯರ್ ಅಡಾಪ್ಟರ್, ಎರಡು ಗೇಣು ಅಲ್ಯೂಮಿನಿಯಂ ಪಟ್ಟಿ, ನಾಲ್ಕು ಸ್ಕ್ರೂ, ಸೊಳ್ಳೆ ಪರದೆಯ ನೈಲಾನ್ ಜಾಲರಿ. ಕೆಟ್ಟ ಕಂಪ್ಯೂಟರಿನಿಂದ ಬಿಚ್ಚಿದ ಫ್ಯಾನೂ ನಡೆಯುತ್ತದೆ.

1. ಗಾಜಿನ ಅಥವಾ ಪ್ಲಾಸ್ಟಿಕ್ ಮುಚ್ಚಳ ಪೂರ್ತಿ ತೆಗೆಯಿರಿ. ಮುಚ್ಚಳದಲ್ಲಿ ತೂತು ಕೊರೆದು ಫ್ಯಾನ್ ಕೂಡಿಸಿದರೆ ತೇವದ ಹವೆ ಒಳಗೇ ಸುತ್ತುತ್ತದೆ, ಲಾಭ ಅರ್ಧವೂ ಸಿಗುವುದಿಲ್ಲ.

2. ಟ್ಯಾಂಕಿನ ಬಾಯಿಗೆ ಜಾಲರಿ ಬಿಗಿಯಿರಿ. ಕಾವಿಗೆ ಕಂಗೆಟ್ಟ ಮೀನು ಜಿಗಿಯುತ್ತದೆ. ಗಪ್ಪಿ, ಮೊಲ್ಲಿ, ಬೆಟ್ಟಾ ಮೂರೂ ಜಿಗಿಯುವ ಜಾತಿಯವೇ.

3. ಪಟ್ಟಿಯನ್ನು ಬಗ್ಗಿಸಿ ಕೊಕ್ಕೆ ಮಾಡಿ, ಕಿರಿದಾದ ಪಕ್ಕದ ಗಾಜಿಗೆ ಸಿಗಿಸಿ. ಫ್ಯಾನ್ ನೀರಿನಿಂದ ಮೂರು ಇಂಚು ಮೇಲಿರಲಿ, ಸುಮಾರು 30 ಡಿಗ್ರಿ ಕೆಳಗೆ ಬಾಗಿರಲಿ. ಗಾಳಿ ಟ್ಯಾಂಕಿನ ಉದ್ದಕ್ಕೂ ನೀರನ್ನು ಸವರಿಕೊಂಡು ಆಚೆ ತುದಿಯಿಂದ ಹೊರಹೋಗಬೇಕು. ನೇರ ಕೆಳಗೆ ಬೀಸಿದರೆ ಒಂದೇ ಕಡೆ ಗುಳಿ ಬೀಳುತ್ತದೆ, ಉಳಿದ ಕಡೆ ತೇವ ಹಾಗೇ ನಿಲ್ಲುತ್ತದೆ.

4. ಫ್ಯಾನಿನ ಕೆಂಪು ತಂತಿ ಅಡಾಪ್ಟರಿನ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಮೂರನೆಯ ತಂತಿಯಿದ್ದರೆ ಅದು ವೇಗ ತಿಳಿಸುವ ತಂತಿ, ತುದಿಗೆ ಟೇಪ್ ಸುತ್ತಿ ಬಿಡಿ. ಸದ್ದು ಹೆಚ್ಚಾದರೆ 9 ವೋಲ್ಟ್ ಅಡಾಪ್ಟರ್ ಹಾಕಿ.

5. ಪ್ಲಗ್ಗಿಗೆ ಹೋಗುವ ಎಲ್ಲ ತಂತಿಗಳೂ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೇರಬೇಕು. ತಂತಿಯ ಗುಂಟ ಹರಿದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. 230 ವೋಲ್ಟಿನ ಟೇಬಲ್ ಫ್ಯಾನನ್ನು ಟ್ಯಾಂಕಿನ ಮೇಲೆ ತೂಗುಹಾಕುವುದು ಬೇಡವೇ ಬೇಡ. ಎರಡಡಿ ದೂರದ ಸ್ಟೂಲಿನ ಮೇಲಿಟ್ಟು ಬೀಸಿಸಿದರೆ ಸರಿ.

ಒಣ ದಿನಗಳಲ್ಲಿ ಇಷ್ಟರಿಂದಲೇ ನೀರು ಮೊದಲಿಗಿಂತ 3–4 ಡಿಗ್ರಿ ಇಳಿಯುತ್ತದೆ. ಬೆಳಗಿನ ಹೊತ್ತು ಅನವಶ್ಯಕವಾಗಿ ಓಡದಿರಲಿ ಎಂದರೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಲ್ಲಿ ಡಬ್ಲ್ಯು1209 ಎಂಬ ಪುಟ್ಟ ಥರ್ಮೋಸ್ಟಾಟ್ ಬೋರ್ಡ್ (ಕಾವು ನೋಡಿ ಫ್ಯಾನನ್ನು ತಾನೇ ಹಚ್ಚಿ ಆರಿಸುವುದು) ಸಿಗುತ್ತದೆ. ಅದೂ 12 ವೋಲ್ಟಿನದೇ. ಪಿ0 ಎಂಬಲ್ಲಿ ಸಿ ಅಕ್ಷರ ಆರಿಸಿದರೆ ತಂಪುಗೊಳಿಸುವ ಕ್ರಮ, ಪಿ1ರಲ್ಲಿ ಹಚ್ಚುವ, ಆರಿಸುವ ಕಾವಿನ ನಡುವಿನ ಅಂತರ 1 ಡಿಗ್ರಿ, ಗುರಿ 28. ಪಿ0 ಎಚ್ ಮೇಲೆ ಉಳಿದರೆ ಎಲ್ಲ ತಿರುಗುಮುರುಗಾಗುತ್ತದೆ: ನೀರು ತಣ್ಣಗಿದ್ದಾಗ ಫ್ಯಾನ್ ತಿರುಗಿ, ಬಿಸಿಯಾದಾಗ ನಿಲ್ಲುತ್ತದೆ. ಸೆನ್ಸರಿನ ತುದಿ ನೀರಿನೊಳಗೇ ಇರುವಂತೆ ಕಟ್ಟಿ. ನೀರಿನ ಮಟ್ಟ ಇಳಿದು ಅದು ಹೊರಬಂದರೆ ಕೋಣೆಯ ಕಾವನ್ನು ನೀರಿನದೆಂದು ತಿಳಿಯುತ್ತದೆ.

ನಿಮ್ಮ ಕೋಣೆಯಲ್ಲಿ ಫ್ಯಾನ್ ಎಷ್ಟರವರೆಗೆ ಇಳಿಸಬಲ್ಲದು ಎಂದು ಮೊದಲೇ ತಿಳಿಯುವ ಸುಲಭ ದಾರಿಯೂ ಇದೆ. ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಐದು ನಿಮಿಷ ಫ್ಯಾನಿನ ಮುಂದೆ ಹಿಡಿಯಿರಿ. ಅದು ಎಲ್ಲಿ ನಿಲ್ಲುತ್ತದೋ ಅದು ಕೊನೆಯ ಗೆರೆ. ಗಾಜಿನ ಮೂಲಕ ಕಾವು ಬರುತ್ತಲೇ ಇರುವುದರಿಂದ ಟ್ಯಾಂಕ್ ಅಷ್ಟು ಕೆಳಗೆ ಹೋಗದು, ಆದರೂ ಎಷ್ಟು ಅವಕಾಶವಿದೆ ಎಂಬುದು ತಿಳಿಯುತ್ತದೆ. 38 ಡಿಗ್ರಿಯ ಕೋಣೆಯಲ್ಲಿ ಹವೆಯ ತೇವ ಶೇ 20 ಇದ್ದರೆ ಆ ಗೆರೆ 21ರ ಹತ್ತಿರ ಬರುತ್ತದೆ. 32 ಡಿಗ್ರಿಯ ಮೋಡದ ದಿನ ತೇವ ಶೇ 60 ಇದ್ದರೆ 26ರ ಹತ್ತಿರ. ಕಿಟಕಿಗಳನ್ನೆಲ್ಲ ಮುಚ್ಚಿ ಕೂಲರ್ ಓಡಿಸುವ ಮನೆಯಲ್ಲಿ ಫ್ಯಾನ್ ಸೋಲುವುದೂ ಇದಕ್ಕೇ: ಕೋಣೆಯ ತುಂಬ ತೇವ, ಆವಿಯಾಗಲು ಜಾಗವಿಲ್ಲ. ಕೂಲರ್ ಹಾಕಿದಾಗ ಎದುರಿನ ಕಿಟಕಿ ಒಂದು ಗೇಣು ತೆರೆದಿರಲಿ.

ಆವಿಯಾದ ನೀರಿಗೆ ಬದಲು ಯಾವ ನೀರು?

ನಮ್ಮ ಕಡೆ ಹೆಚ್ಚು ಟ್ಯಾಂಕುಗಳು ಕೆಡುವುದು ಇಲ್ಲಿ ಎಂದು ನಮ್ಮ ಖಚಿತ ಅಭಿಪ್ರಾಯ, ಆದ್ದರಿಂದ ತುಸು ನಿಧಾನವಾಗಿ ಓದಿ.

ಫ್ಯಾನ್ ಓಡುವ ಎರಡಡಿ ಟ್ಯಾಂಕಿನಿಂದ ದಿನಕ್ಕೆ ಒಂದು–ಒಂದೂವರೆ ಲೀಟರ್ ಆರಿ ಹೋಗುತ್ತದೆ. ಹೋಗುವುದು ಬರೀ ನೀರು. ಅದರೊಳಗಿನ ಸುಣ್ಣ, ಉಪ್ಪು ಎಲ್ಲ ಹಿಂದೆ ಉಳಿಯುತ್ತವೆ. ಆ ಜಾಗಕ್ಕೆ ದಿನವೂ ಗಡಸು ಬೋರ್ ನೀರನ್ನೇ ಹಾಕಿದರೆ ಎರಡು ತಿಂಗಳಲ್ಲಿ 75 ಲೀಟರ್ ಬೋರ್ ನೀರಿನ ಲವಣ ಆ 45 ಲೀಟರಿನಲ್ಲಿ ಸೇರುತ್ತದೆ. ಗಾಜಿನ ಮೇಲೆ ಬಿಳಿ ಗೆರೆ ಕಟ್ಟುತ್ತದೆ, ಫಿಲ್ಟರಿನ ರೆಕ್ಕೆ ಬಿಗಿಯುತ್ತದೆ, ಪಿಎಚ್ (ನೀರಿನ ಆಮ್ಲ–ಕ್ಷಾರದ ಅಳತೆ) ಏರುತ್ತದೆ. ಪಿಎಚ್ ಮತ್ತು ಕಾವು ಎರಡೂ ಏರಿದಾಗ ಮೀನಿನ ಗಲೀಜಿನಿಂದ ಬರುವ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಪಿಎಚ್ 7 ಇರುವ 25 ಡಿಗ್ರಿಯ ನೀರಿನಲ್ಲಿ ಒಟ್ಟು ಅಮೋನಿಯಾದ ಶೇ 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8, 30 ಡಿಗ್ರಿ ಆದರೆ ಅದು ಶೇ 7.5. ಅದೇ ಮೀನು, ಅದೇ ಗಲೀಜು, ವಿಷ ಹನ್ನೆರಡು ಪಟ್ಟು.

ಹಾಗಾಗಿ ಆವಿಯಾದಷ್ಟನ್ನು ಆರ್‌ಓ ನೀರಿನಿಂದ ತುಂಬಿ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ 20 ಲೀಟರಿನ ಒಂದು ಕ್ಯಾನ್ ಎರಡು ವಾರ ಬರುತ್ತದೆ. ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ದಿನವೂ ಬೆಳಿಗ್ಗೆ ಆ ಗೆರೆಯವರೆಗೆ ತುಂಬಿ. ಆದರೆ ವಾರದ ನೀರು ಬದಲಾವಣೆಗೆ ಬರೀ ಆರ್‌ಓ ಬಳಸಬೇಡಿ. ಅದರಲ್ಲಿ ಖನಿಜಗಳು ತೀರಾ ಕಡಿಮೆ, ಪಿಎಚ್ ಹಿಡಿದಿಡುವ ಶಕ್ತಿಯೂ ತೀರಾ ಕಡಿಮೆ. ಬದಲಾವಣೆಗೆ ಮೊದಲಿನಿಂದ ಬಳಸುತ್ತ ಬಂದ ನೀರೇ ಇರಲಿ. ನಲ್ಲಿ ನೀರಾದರೆ ಅಗಲ ಬಾಯಿಯ ಬಕೆಟ್ಟಿನಲ್ಲಿ 24 ತಾಸು ಇಟ್ಟರೆ ಕ್ಲೋರಿನ್ ಹೋಗುತ್ತದೆ. ಬೋರಿನಿಂದ ಆಗಷ್ಟೇ ಎತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಏರ್ ಸ್ಟೋನ್ ಹಾಕಿ ನಾಲ್ಕೈದು ತಾಸು ಇಡಿ. ಮಾಳಿಗೆ ಮೇಲಿನ ಕರಿ ಸಿಂಟೆಕ್ಸಿನ ನೀರನ್ನು ಹಗಲು ಮುಟ್ಟಲೇಬೇಡಿ. ಸಂಪಿನ ನೀರು ಬೆಳಿಗ್ಗೆ ಸೇದಿಕೊಳ್ಳಿ.

ನೀರನ್ನು ತಂಪು ಮಾಡಿ ಬದಲಿಸಲು ಬಣ್ಣ ಬಳಿಯದ ಹೊಸ ಗಡಿಗೆಯಷ್ಟು ಒಳ್ಳೆಯದು ಮತ್ತೊಂದಿಲ್ಲ. ಒಂದು ದಿನ ನೀರಿನಲ್ಲಿ ನೆನೆಸಿ, ತೊಳೆದು, ಕ್ಲೋರಿನ್ ಹೋದ ನೀರು ತುಂಬಿ ಗಾಳಿಯಾಡುವ ನೆರಳಲ್ಲಿ ಮರಳಿನ ಮೇಲಿಡಿ. ಗಡಿಗೆಯ ನೀರು 24 ಡಿಗ್ರಿ, ಟ್ಯಾಂಕಿನದು 32 ಎಂದುಕೊಳ್ಳಿ. 5 ಲೀಟರ್ ತೆಗೆದು 5 ಲೀಟರ್ ಹಾಕಿದರೆ ಟ್ಯಾಂಕ್ 31ರ ಹತ್ತಿರ ಬರುತ್ತದೆ. ತಂಬಿಗೆಯಿಂದ ಸಣ್ಣ ಧಾರೆಯಾಗಿ, ಅರ್ಧ ತಾಸು ತೆಗೆದುಕೊಂಡು ಹಾಕಿ.

ಐಸ್ ಬಾಟಲಿ: ತುರ್ತಿಗೆ ಮಾತ್ರ

ಮೂರು ತಿಂಗಳು ದಿನವೂ ಐಸ್ ಮೇಲೆ ನಡೆಸಲು ಆಗದು, ನಡೆಸಲೂಬಾರದು. ಆದರೆ ನೀರು 33 ದಾಟಿದ ಸಂಜೆ ಅದು ಬೇಕು. ಅರ್ಧ ಲೀಟರಿನ ಬಾಟಲಿಯನ್ನು ಹೊರಗೆ ಚೆನ್ನಾಗಿ ತೊಳೆದು, ಲೇಬಲ್ ಕಿತ್ತು, ಹತ್ತನೆಯ ಒಂದು ಭಾಗ ಖಾಲಿ ಬಿಟ್ಟು ನೀರು ತುಂಬಿ. ನೀರು ಗಡ್ಡೆಯಾಗುವಾಗ ಶೇ 9ರಷ್ಟು ಹಿಗ್ಗುತ್ತದೆ, ಪೂರ್ತಿ ತುಂಬಿದರೆ ಬಾಟಲಿ ಸೀಳುತ್ತದೆ. ಹೀಗೆ ಗಡ್ಡೆಯಾದ ಒಂದು ಬಾಟಲಿ ಪೂರ್ತಿ ಕರಗಿದರೆ 45 ಲೀಟರನ್ನು ಒಂದು ಡಿಗ್ರಿಗಿಂತ ತುಸು ಹೆಚ್ಚು ಇಳಿಸುತ್ತದೆ. ಒಂದು ಹೊತ್ತಿಗೆ ಒಂದೇ ತೇಲಿಬಿಡಿ, ಅದು ಕರಗಿದ ಮೇಲೆ ಇನ್ನೊಂದು. ತಾಸಿಗೆ ಒಂದು ಡಿಗ್ರಿಗಿಂತ ವೇಗ ಬೇಡ.

ಐಸ್ ತುಂಡುಗಳನ್ನು ನೇರ ನೀರಿಗೆ ಸುರಿಯುವುದರಿಂದ ಎರಡು ಕೇಡು. ನಲ್ಲಿ ನೀರಿನ ಐಸಿನೊಳಗೆ ಕ್ಲೋರಿನ್ ಉಳಿದಿರಬಹುದು, ಮತ್ತು ಕಾವು ಒಮ್ಮೆಲೇ ಕುಸಿಯುತ್ತದೆ. ಕೆಲವೇ ನಿಮಿಷಗಳಲ್ಲಿ ನಾಲ್ಕೈದು ಡಿಗ್ರಿ ಕುಸಿದ ಟ್ಯಾಂಕಿನಲ್ಲಿ ಎರಡು ಮೂರು ದಿನಕ್ಕೆ ಮೀನಿನ ಮೈಮೇಲೆ ರವೆಯಂಥ ಬಿಳಿ ಚುಕ್ಕೆ ಕಾಣುವುದುಂಟು. ಕಾವಿಗಿಂತ ಏರಿಳಿತವೇ ಮೀನನ್ನು ಹೆಚ್ಚು ಬಳಲಿಸುತ್ತದೆ.

ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ

ಕಿವಿರು ವೇಗವಾಗಿ ಆಡುತ್ತಿದ್ದರೆ, ಎಲ್ಲ ಮೀನೂ ಏರ್ ಸ್ಟೋನಿನ ಸುತ್ತ ಗುಂಪುಗೂಡಿದ್ದರೆ, ತಡ ಮಾಡಬೇಡಿ. ಮೊದಲು ಗಾಳಿ ಹೆಚ್ಚಿಸಿ. ಎರಡನೆಯ ಏರ್ ಪಂಪ್ ಇಲ್ಲವೆಂದರೆ ತಂಬಿಗೆಯಲ್ಲಿ ಅದೇ ನೀರನ್ನು ಎತ್ತಿ ಒಂದಡಿ ಮೇಲಿಂದ ಮತ್ತೆ ಮತ್ತೆ ಸುರಿಯಿರಿ. ಲೈಟ್ ಆರಿಸಿ, ಮುಚ್ಚಳ ತೆಗೆಯಿರಿ, ಫ್ಯಾನ್ ಹಚ್ಚಿ, ಆಮೇಲೆ ಐಸ್ ಬಾಟಲಿ. ಅಂದು ಆಹಾರ ಹಾಕಬೇಡಿ. ಬೆಟ್ಟಾ, ಗೌರಾಮಿ ಜಾತಿಯವು ಮೇಲೆ ಬಂದು ಗಾಳಿ ಗುಟುಕರಿಸುವುದು ಅವುಗಳ ಹುಟ್ಟುಗುಣ, ಅದಕ್ಕೆ ಗಾಬರಿಯಾಗಬೇಡಿ.

ಕರೆಂಟ್ ಹೋಗುವುದಕ್ಕೆ ಸಿದ್ಧವಾಗಿರಿ. ಯುಎಸ್‌ಬಿ ಏರ್ ಪಂಪನ್ನು ಮೊಬೈಲಿನ ಪವರ್ ಬ್ಯಾಂಕಿಗೆ ಸಿಗಿಸಿದರೆ ರಾತ್ರಿಯಿಡೀ ಓಡುವಂಥವು ಸಿಗುತ್ತವೆ. ಇನ್ವರ್ಟರ್ ಇದ್ದರೆ ಏರ್ ಪಂಪಿನ ಸಾಕೆಟ್ಟನ್ನು ಅದರ ಲೈನಿಗೆ ಕೊಡಿಸಿ; ಅದು ಎಳೆಯುವುದು ನಾಲ್ಕೈದು ವ್ಯಾಟ್ ಅಷ್ಟೆ. ಮುಚ್ಚಿದ ಡಬ್ಬಿಯ ಫಿಲ್ಟರ್ ನಾಲ್ಕು ತಾಸಿಗಿಂತ ಹೆಚ್ಚು ನಿಂತಿದ್ದರೆ ಒಳಗಿನ ಬ್ಯಾಕ್ಟೀರಿಯಾ ಸಾಯತೊಡಗಿ ನೀರು ನಾರುತ್ತದೆ. ಕರೆಂಟ್ ಬಂದ ಕೂಡಲೇ ಓಡಿಸದೆ, ಸ್ಪಾಂಜನ್ನು ಟ್ಯಾಂಕಿನದೇ ನೀರಿನಲ್ಲಿ ಹಿಂಡಿ ತೊಳೆದು ಹಚ್ಚಿ.

ಸೊಳ್ಳೆ ಬತ್ತಿ, ಲಿಕ್ವಿಡ್ ಮಷೀನುಗಳಲ್ಲಿರುವ ಪೈರೆಥ್ರಾಯ್ಡ್ ಮನುಷ್ಯರಿಗೆ ಅಷ್ಟೇನೂ ಅಲ್ಲ, ಮೀನಿಗೆ ಕಡು ವಿಷ. ಮುಚ್ಚಳ ತೆಗೆದ ಟ್ಯಾಂಕ್, ಕೋಣೆಯ ಹವೆಯನ್ನೇ ನೀರಿಗೆ ನೂಕುವ ಪಂಪ್ ಎರಡೂ ಸೇರಿದರೆ ಒಂದು ರಾತ್ರಿ ಸಾಕು. ಟ್ಯಾಂಕಿರುವ ಕೋಣೆಯಲ್ಲಿ ಪರದೆ ಕಟ್ಟಿ ಮಲಗಿ.

ಆಹಾರ ಬೆಳಿಗ್ಗೆ 7ರೊಳಗೆ ಒಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಬೇಸಿಗೆಯಲ್ಲಿ ಹೊಸ ಮೀನು ತರಬೇಡಿ.

ಮೀನು ಆರಿಸುವಾಗಲೇ ಯೋಚಿಸಿದರೆ ಅರ್ಧ ಕಷ್ಟ ಕಡಿಮೆ. ಗಪ್ಪಿ, ಮೊಲ್ಲಿ, ಗೌರಾಮಿ, ಬೆಟ್ಟಾ 28–30 ಡಿಗ್ರಿಯಲ್ಲಿ ಬಾಳುತ್ತವೆ, ಏಂಜಲ್ ಕೂಡ. ಗಪ್ಪಿ, ಮೊಲ್ಲಿಗೆ ನಮ್ಮ ಗಡಸು ನೀರೂ ಒಗ್ಗುತ್ತದೆ. ನಿಯಾನ್ ಟೆಟ್ರಾಕ್ಕೆ 26ರ ಮೇಲೆ ಹಿಂಸೆ. ಗೋಲ್ಡ್ ಫಿಶ್ 18–24ರ ತಣ್ಣೀರಿನ ಮೀನು, ಅದರ ಹೊಟ್ಟೆಯೂ ದೊಡ್ಡದು, ಗಲೀಜೂ ಹೆಚ್ಚು. ರಾಯಚೂರಿನ ಮೇ ತಿಂಗಳಲ್ಲಿ ಗಾಜಿನ ಬಟ್ಟಲಿನಲ್ಲಿ ಅದನ್ನಿಡುವುದು ಕ್ರೌರ್ಯ.

ಜೂನ್ ತಿಂಗಳಲ್ಲಿ ಮಿರುಗ (ಮೃಗಶಿರ) ಮಳೆ ಬಿದ್ದ ಸಂಜೆ ಕೋಣೆ ಒಮ್ಮೆಲೇ ತಣ್ಣಗಾಗುತ್ತದೆ. ಥರ್ಮೋಸ್ಟಾಟ್ ಇಲ್ಲದವರು ಅಂದು ರಾತ್ರಿ ಫ್ಯಾನ್ ಆರಿಸಿ ಮಲಗಿ, ಇಲ್ಲದಿದ್ದರೆ ಬೆಳಗಾಗುವುದರೊಳಗೆ ನೀರು 24ಕ್ಕೆ ಜಾರಬಹುದು. ನಂತರದ ಮೂರು ವಾರ ಫ್ಯಾನ್ ಬಿಚ್ಚಬೇಡಿ. ಮಳೆ ಕೈಕೊಟ್ಟರೆ ಬಿಸಿಲು ಮರಳುತ್ತದೆ. ಬಿಚ್ಚಿದ ಮೇಲೆ ರೆಕ್ಕೆಯ ಸುಣ್ಣವನ್ನು ಲಿಂಬೆಹಣ್ಣಿನ ರಸದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಅಡಾಪ್ಟರಿನ ಜೊತೆ ಒಂದೇ ಚೀಲದಲ್ಲಿ ಕಟ್ಟಿಡಿ.